ಗಿಡದ ಹೆಸರಿನ ಇಬ್ಬರು

ಕೃಷ್ಣೆಗೆ ಮಹಾಪೂರ ಬಂದ ವರ್ಷ, ನಾಗರಪಂಚಮಿಯ ಮರುದಿನ, ಮಂಗಳವಾರ, ನಮ್ಮ ಪತ್ರಿಕೆಯ ನಾಲ್ಕನೆಯ ಪುಟದ ಕೆಳಮೂಲೆಯಲ್ಲಿ ಒಂಬತ್ತು ಸಾಲಿನ ಸುದ್ದಿ ಪ್ರಕಟವಾಯಿತು. ಐನಾಪುರದ ಹತ್ತಿರ ಹೊಳೆದಂಡೆಯ ಹುಣಸಿತೋಟ ವಸ್ತಿಯ ರೈತ ನಿಂಬಣ್ಣ ನೀರಿನಲ್ಲಿ ಕೊಚ್ಚಿಹೋಗಿದ್ದಾರೆ ಎಂದು ಅದರಲ್ಲಿತ್ತು. ವರದಿ ನನ್ನದು. ಪತ್ರಿಕೆ ಊರು ಮುಟ್ಟಿದ ಹೊತ್ತಿಗೆ ನಿಂಬಣ್ಣ ಸಂತ್ರಸ್ತರನ್ನು ಇರಿಸಿದ್ದ ಶಾಲೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಒಂದು ಕನ್ನಡ ದಿನಪತ್ರಿಕೆಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಸುದ್ದಿ ಕಳಿಸಿದ್ದೇನೆ. ಈಗ ನಿವೃತ್ತ. ಹೊಸದಾಗಿ ಈ ಕೆಲಸಕ್ಕೆ ಬಂದ ನಾಲ್ಕೈದು ಮಂದಿ, ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದರು. ಚುನಾವಣೆ, ಗಡಿ ಗಲಾಟೆ, ಕಬ್ಬಿನ ಚಳವಳಿಗಳೆಲ್ಲ ಪತ್ರಿಕೆಯ ಕಡತದಲ್ಲಿವೆ. ಅವನ್ನು ಅಲ್ಲೇ ಓದಿಕೊಳ್ಳಬಹುದು. ನಾನು ಹೆಸರುಗಳ ಬಗ್ಗೆ ಬರೆಯುತ್ತೇನೆ. ಈ ಭಾಗದ ವರದಿಗಾರ ಹೆಚ್ಚು ಸಲ ಎಡವುವುದು ಅಲ್ಲಿಯೇ.

ನಾನು ಸೇರಿದಾಗ ಸುದ್ದಿಯನ್ನು ಕೈಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಬೆಳಗಾವಿ ಬಸ್ಸಿನ ಚಾಲಕನ ಕೈಗೆ ಕೊಡುತ್ತಿದ್ದೆವು. ಬಸ್ಸು ಕೆಟ್ಟರೆ ಸುದ್ದಿಯೂ ದಾರಿಯಲ್ಲಿ ನಿಲ್ಲುತ್ತಿತ್ತು. ಆಮೇಲೆ ಫೋನಿನಲ್ಲಿ ಓದಿ ಹೇಳುವುದು ಬಂತು, ಫ್ಯಾಕ್ಸ್ ಬಂತು, ಕೊನೆಗೆ ಮೊಬೈಲ್. ಪ್ರತಿಯೊಂದಕ್ಕೂ ಅದರದೇ ತಪ್ಪುಗಳಿದ್ದವು. ಅಕ್ಷರ ಕೆಟ್ಟದಾಗಿದ್ದರೆ ಬೆಳಗಾವಿಯ ಡೆಸ್ಕಿನವರು ಊಹಿಸುತ್ತಿದ್ದರು. ಫೋನಿನಲ್ಲಿ ಕೇಳಿಸದಿದ್ದರೆ ಊಹಿಸುತ್ತಿದ್ದರು. ಮೊಬೈಲ್ ಬಂದ ಮೇಲೆ ನಾವೇ ಊಹಿಸತೊಡಗಿದೆವು.

ನಮ್ಮ ಕಡೆಯ ಅಡ್ಡಹೆಸರುಗಳು ಡೆಸ್ಕಿಗೆ ಕಷ್ಟ ಕೊಡುತ್ತಿದ್ದವು. ಮೆಣಸಿನಕಾಯಿ, ಬಾಳಿಕಾಯಿ, ಉಳ್ಳಾಗಡ್ಡಿ, ಬದನಿಕಾಯಿ, ಕೊತ್ತಂಬರಿ, ಎಲ್ಲವೂ ಮನೆತನಗಳು. ಒಮ್ಮೆ ರಾಯಬಾಗದ ಒಂದು ಸಭೆಯಲ್ಲಿ ಉಳ್ಳಾಗಡ್ಡಿ ಎಂಬ ಹಿರಿಯರು ಭಾಷಣದ ನಡುವೆ ತಲೆಸುತ್ತಿ ಬಿದ್ದರು. ‘ವೇದಿಕೆಯಲ್ಲೇ ಕುಸಿದ ಉಳ್ಳಾಗಡ್ಡಿ’ ಎಂದು ತಲೆಬರಹ ಕೊಟ್ಟು ಕಳಿಸಿದೆ. ಡೆಸ್ಕಿನಲ್ಲಿ ಯಾರೋ ಮೊದಲ ಪದ ಕತ್ತರಿಸಿ, ಈರುಳ್ಳಿ ದರದ ಸುದ್ದಿಯೆಂದುಕೊಂಡು ಅದನ್ನು ಪೇಟೆ ಧಾರಣೆಯ ಪುಟಕ್ಕೆ ಹಾಕಿದರು. ಅವರ ಮಗ ಪತ್ರಿಕೆ ಹಿಡಿದುಕೊಂಡು ಬಂದು, “ನಮ್ಮಪ್ಪ ಕ್ವಿಂಟಾಲಿಗೆ ಎಷ್ಟ ಹ್ವಾದ್ರಿ ಸಾಹೇಬ್ರ?” ಎಂದು ಕೇಳಿದ. ಡೆಸ್ಕಿನ ಮುಖ್ಯಸ್ಥರಾಗಿದ್ದ ರಾಮಚಂದ್ರರಾಯರು ಫೋನಿನಲ್ಲಿ ನನ್ನನ್ನೇ ಬೈದರು. “ನಿಮ್ಮ ಭಾಗದಾಗ ಮನಷ್ಯಾರು ಯಾರೂ ಇಲ್ಲೇನ್ರಿ? ಬರೇ ಕಾಯಿಪಲ್ಲೆ ಐತೇನು?”

ಆ ದಿನ ರಾಯರು ಒಂದು ನಿಯಮ ಹೇಳಿದರು. ಹೆಸರನ್ನು ಹೆಸರಿನವರ ಕೈಯಿಂದಲೇ ಬರೆಸಿಕೊಳ್ಳಬೇಕು. ಬರೆಯಲು ಬಾರದಿದ್ದರೆ ರೇಷನ್ ಕಾರ್ಡು ನೋಡಬೇಕು. ಅದೂ ಇಲ್ಲದಿದ್ದರೆ ಇಬ್ಬರನ್ನು ಬೇರೆಬೇರೆ ಕರೆದು ಕೇಳಬೇಕು. ನಿವೃತ್ತಿಯ ತನಕ ನಾನು ಈ ನಿಯಮವನ್ನು ಒಂದೇ ಸಲ ಬಿಟ್ಟೆ.

ಇನ್ನೊಂದು ವಿಷಯ ಹೊಸಬರಿಗೆ ತಿಳಿದಿರಬೇಕು. ಈ ಭಾಗದ ವಯಸ್ಸಾದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆ, ಸೀಮಂತದಲ್ಲಿ ಒಡಪು ಎಂಬ ಪದ್ಯ ಕಟ್ಟಿ ಅದರ ನಡುವೆ ಹೇಳುತ್ತಾರೆ, ಅಷ್ಟೇ. ಗಂಡನ ಹೆಸರು ಗಿಡದ್ದಾದರೆ ಆ ಗಿಡದ ಹೆಸರೂ ಅವರ ಬಾಯಿಂದ ಬರುವುದಿಲ್ಲ. ಶೇಡಬಾಳದಲ್ಲಿ ತುಳಸಪ್ಪ ಎಂಬವರ ಹೆಂಡತಿ ಐವತ್ತು ವರ್ಷ ದಿನಾಲು ತುಳಸಿಗೆ ನೀರು ಹಾಕಿದರು. ಅದನ್ನು ‘ಅಂಗಳದಾಕಿ’ ಎಂದೇ ಕರೆದರು.

ಇದರ ಮಹತ್ವವನ್ನು ನನಗೆ ತಿಳಿಸಿದ್ದು ಹೊರಗಿನವರೊಬ್ಬರು. ಮಹಾಪೂರದ ಹಿಂದಿನ ಚಳಿಗಾಲದಲ್ಲಿ ಮಾರ್ಗರೀತ್ ಲಾವೆರ್ನ್ ಎಂಬ ಫ್ರಾನ್ಸಿನ ಸಂಶೋಧಕಿ ಚಿಕ್ಕೋಡಿಗೆ ಬಂದರು. ಧಾರವಾಡದಲ್ಲಿ ಎರಡು ವರ್ಷ ಕನ್ನಡ ಕಲಿತಿದ್ದರು. ಊರಿನ ಹೆಸರಿನಲ್ಲಿ, ಮನುಷ್ಯರ ಹೆಸರಿನಲ್ಲಿ ಗಿಡಗಳು ಹೇಗೆ ಸೇರಿಕೊಳ್ಳುತ್ತವೆ ಎಂಬುದು ಅವರ ವಿಷಯ. ತಮ್ಮ ದೇಶದ ಕೆಲಸ ಮುಗಿಸಿ, ಎರಡು ಭಾಷೆ ಒಂದರ ಮೇಲೊಂದು ಕೂತ ಇನ್ನೊಂದು ಸೀಮೆ ಹುಡುಕುತ್ತ ಇಲ್ಲಿಗೆ ಬಂದಿದ್ದರು. ಭಾನುವಾರದ ಪುರವಣಿಗೆ ಒಂದು ಲೇಖನ ಸಿಕ್ಕೀತೆಂದು ನಾನು ಅವರ ಜೊತೆ ಹದಿನೈದು ದಿನ ತಿರುಗಿದೆ.

ದಾರಿಯುದ್ದಕ್ಕೂ ಅವರು ಹೇಳಿದ್ದು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. ಅವರ ದೇಶದಲ್ಲಿ ಹೆಣ್ಣುಮಕ್ಕಳಿಗೆ ಹೂವಿನ ಹೆಸರು, ಮನೆತನಕ್ಕೆ ಮರದ ಹೆಸರು. ರೋಜ್, ವಿಯೊಲೆತ್ ಹೂಗಳು. ಮಾರ್ಗರೀತ್ ಎಂದರೆ ಬಿಳಿ ದಳದ ಒಂದು ಬಯಲಿನ ಹೂವು. ‘ಷೆನ್’ ಎಂದರೆ ಓಕ್ ಮರ. ಮನೆಯ ಹತ್ತಿರ ಆ ಮರವಿದ್ದ ಕುಟುಂಬ ದ್ಯುಷೆನ್ ಆಯಿತು. ಉತ್ತರದ ಕಡೆ ಅದೇ ಮರವನ್ನು ‘ಕೆನ್’ ಎನ್ನುವುದರಿಂದ ಅಲ್ಲಿನವರು ದ್ಯುಕೆನ್ ಆದರು. ಮರ ಒಂದೇ. ಕಾಗದದ ಮೇಲೆ ಎರಡು ಮನೆತನ. ಊರುಗಳೂ ಹಾಗೆಯೇ, ಒಂದು ಕಡೆ ಷೆನೆ, ಇನ್ನೊಂದು ಕಡೆ ಕೆನುವಾ. ಮರ ಕಡಿದು ಎಷ್ಟೋ ತಲೆಮಾರು ಕಳೆದರೂ ಊರು ಅದರ ಹೆಸರಿನಲ್ಲೇ ಇರುತ್ತದೆ.

ಲಾವೆರ್ನ್ ಎಂದರೇನು ಎಂದು ಕೇಳಿದೆ. “ಅದು ನೀರಿನ ಅಂಚಿನಲ್ಲಿ, ಜವುಗಿನಲ್ಲಿ ಬೆಳೆಯುವ ಮರ,” ಎಂದು ಪುಸ್ತಕದ ಕನ್ನಡದಲ್ಲಿ ಹೇಳಿದರು. “ಕಡಿದಾಗ ಬೆಳ್ಳಗಿರುತ್ತದೆ. ನೀವು ನೋಡುತ್ತ ನಿಂತರೆ ಗಾಯ ಕೆಂಪಾಗುತ್ತದೆ. ಹಿಂದಿನ ಕಾಲದ ಜನ ಅದರ ಹತ್ತಿರ ಒಬ್ಬರೇ ಹೋಗುತ್ತಿರಲಿಲ್ಲ. ಅದಕ್ಕೂ ಎರಡು ಹೆಸರು. ಹಳೆಯ ಭಾಷೆಯದು ವೆರ್ನ್, ಆಮೇಲೆ ಬಂದ ಲ್ಯಾಟಿನ್ನಿನಿಂದ ಓಲ್ನ್. ಓಲ್ನ್‌ನಿಂದ ಹೆಸರು ಬಂದ ಲೋನೆ ಎಂಬ ಊರಿನವರೂ ನಾನೂ ಒಂದೇ ಮರದವರು.”

ಬೋರಗಾಂವ, ಅಕ್ಕೋಳ, ಐನಾಪುರ ಹೀಗೆ ತಿರುಗಿ ಕೊನೆಗೆ ಹುಣಸಿತೋಟಕ್ಕೆ ಹೋದೆವು. ಹನ್ನೆರಡು ಮನೆಗಳ ವಸ್ತಿ. ಎಲ್ಲರಿಗೂ ಅಡ್ಡಹೆಸರು ಒಂದೇ. ಮನೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ. ಹುಣಸಿಗಿಡ ಒಂದೂ ಇಲ್ಲ. ಮೊದಲು ಸಿಕ್ಕವನು ನಿಂಬಣ್ಣ, ನಲವತ್ತರ ಆಸುಪಾಸಿನ ಮಾತುಗಾರ. ನಮಗೆ ನೀರು ತಂದುಕೊಟ್ಟು, “ಬಾಯಾರ, ನಿಮ್ಮ ಹೆಸರಿನ್ಯಾಗ ಹೂವೂ ಐತಿ, ಗಿಡಾನೂ ಐತಿ ಅಂತೀರಿ. ಹಣ್ಣ ಬೇಕಂದ್ರ ನನ್ನ ಹೆಸರ ತಗೋರಿ, ನಿಂಬಿಹಣ್ಣ,” ಎಂದ. ಅವನ ಹೆಸರು ಬರೆದುಕೊಂಡೆ. ಅಷ್ಟರಲ್ಲಿ ಡೆಸ್ಕಿನಿಂದ ಫೋನು ಬಂತು. ನೆಟ್‌ವರ್ಕ್ ಸಿಗಲೆಂದು ರಸ್ತೆಯ ತನಕ ನಡೆದುಹೋದೆ. ತಿರುಗಿ ಬಂದಾಗ ಮಾರ್ಗರೀತ್ ಪುಸ್ತಕ ಮುಚ್ಚುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ಅವರು ಯಾರ ಜೊತೆ ಮಾತಾಡಿದರು ಎಂದು ನಾನು ಕೇಳಲಿಲ್ಲ.

ಎಂಟು ತಿಂಗಳ ನಂತರ ಹೊಳೆ ಏರಿತು. ಪಂಚಮಿಯ ಬೆಳಿಗ್ಗೆ ವಸ್ತಿಯವರನ್ನೆಲ್ಲ ದೋಣಿಯಲ್ಲಿ ತಂದು ಐನಾಪುರದ ಶಾಲೆಯಲ್ಲಿ ಇರಿಸಿದರು. ಒಬ್ಬ ಮಾತ್ರ ಕಟ್ಟಿದ ಎಮ್ಮೆ ಬಿಚ್ಚಲು ಹಿಂದೆ ಹೋಗಿದ್ದ. ಮಧ್ಯಾಹ್ನ ಎಮ್ಮೆ ಈಜಿಕೊಂಡು ದಂಡೆ ಮುಟ್ಟಿತು. ಕೊರಳಲ್ಲಿ ಹಗ್ಗವಿತ್ತು, ಹಗ್ಗದ ತುದಿ ಹರಿದಿರಲಿಲ್ಲ, ಗಂಟು ಬಿಚ್ಚಿತ್ತು. ಅವನು ಬರಲಿಲ್ಲ.

ಅವನ ಹೆಂಡತಿ ಶಾಂತವ್ವ ಶಾಲೆಯ ಅಂಗಳದಲ್ಲಿ ಕೂತಿದ್ದಳು. ಗಂಡನ ಹೆಸರು ಕೇಳಿದೆ. ಅವಳು ಮಾತಾಡದೆ ಕೈ ಎತ್ತಿ ತೋರಿಸಿದಳು. ಪಕ್ಕದಲ್ಲಿದ್ದ ಮುದುಕರೊಬ್ಬರು, “ಲಿಂಬ್‌ರಿ, ಲಿಂಬ್,” ಎಂದರು. ನನ್ನ ಕಣ್ಣು ಮೊಬೈಲಿನ ಮೇಲಿತ್ತು. ನೆಟ್‌ವರ್ಕ್ ಒಂದು ಕಡ್ಡಿ ಬಂದು ಹೋಗುತ್ತಿತ್ತು. ಅವಳ ಬೆರಳು ಯಾವ ಕಡೆ ಹೋಯಿತೆಂದು ನೋಡಲಿಲ್ಲ. ನಾನು ಮರಾಠಿ ಕಡಿಮೆ ಇರುವ ಅಥಣಿಯ ಪೂರ್ವಭಾಗದವನು. ನನಗೆ ಲಿಂಬಿ, ನಿಂಬಿ ಎರಡೂ ಒಂದೇ ಹಣ್ಣು. ಆ ವಸ್ತಿಯಲ್ಲಿ ಒಬ್ಬ ನಿಂಬಣ್ಣ ಇದ್ದಾನೆಂದು ನನ್ನ ಪುಸ್ತಕದಲ್ಲೇ ಇತ್ತು. ಬರೆದು ಕಳಿಸಿಬಿಟ್ಟೆ.

ಅಂಗಳದಲ್ಲಿ ಇದ್ದದ್ದು ಬೇವಿನ ಗಿಡ. ಮರಾಠಿಯಲ್ಲಿ ಅದು ಲಿಂಬ. ಹೊಳೆಗೆ ಹೋದವನ ಹೆಸರು ಲಿಂಬಾಜಿ.

ಮಂಗಳವಾರ ಹತ್ತು ಗಂಟೆಗೆ ನಿಂಬಣ್ಣನ ಸಂಬಂಧಿಕರು ಪತ್ರಿಕೆ ಹಿಡಿದು ಟೆಂಪೊದಲ್ಲಿ ಬಂದರು. ಹೆಂಗಸರು ಶಾಲೆಯ ಗೇಟಿನಿಂದಲೇ ಅಳು ತೆಗೆದರು. ನಿಂಬಣ್ಣ ಎದುರಿಗೆ ಬಂದು ನಿಂತ. ಅವರು ನೋಡಿದರು. ಅಳು ನಿಲ್ಲಲಿಲ್ಲ. ಹಾಡಿಕೊಂಡು ಅಳಲು ಆರಂಭಿಸಿದವರು ನಡುವೆ ನಿಲ್ಲಿಸಬಾರದಂತೆ. ಅವನ ಗುಣಗಳನ್ನೆಲ್ಲ ಹಾಡಿ ಮುಗಿಸುವ ತನಕ ಅವನು ಅಲ್ಲೇ ನಿಂತು ಕೇಳಿದ. ನಾನು ಹೋದಾಗ ಮೊದಲು ನಕ್ಕ. “ಬರ್ರಿ ಸಾಹೇಬ್ರ. ನಿನ್ನಿ ಸತ್ತೀನಿ, ಇವತ್ತ ಚಾ ಕುಡ್ಯಾಕತ್ತೀನಿ. ನಿಮ್ಮ ಪೇಪರದಾಗ ಸ್ವರ್ಗದ್ದು ಏನರೆ ಸುದ್ದಿ ಐತೇನು?” ಎಂದ.

ರಾಯರು ಆಗಲೇ ನಿವೃತ್ತರಾಗಿದ್ದರು. ಅವರ ಜಾಗದಲ್ಲಿದ್ದವರು, ಅದೇ ಪುಟ, ಅದೇ ಅಳತೆಯಲ್ಲಿ ತಿದ್ದುಪಡಿ ಹಾಕೋಣ, ಸರಿಯಾದ ಹೆಸರು ಕಳಿಸಿ ಎಂದರು. ಹೆಸರು ಖಚಿತಪಡಿಸಿಕೊಳ್ಳಲು ಶಾಂತವ್ವನ ಹತ್ತಿರ ಹೋದೆ. ಅವಳು ಎದ್ದು ನಿಂತು ಎರಡೂ ಕೈ ಮುಗಿದಳು. ಕೈತುಂಬ ಹಸಿರು ಬಳೆ.

“ಅವ್ರ ಹೆಸರ ಹಾಕಬ್ಯಾಡ್ರಿ, ಯಣ್ಣಾ.”

“ತಪ್ಪು ಸರಿ ಮಾಡಬೇಕವ್ವಾ. ನಿಂಬಣ್ಣ ಜೀವಂತ ಅದಾನ.”

“ಅವ ಅದಾನಂತ ಹಾಕ್ರಿ. ಅವ್ರು ಹೋಗ್ಯಾರಂತ ಹಾಕಬ್ಯಾಡ್ರಿ. ಹೆಣ ಸಿಕ್ಕಿಲ್ಲ. ಎಮ್ಮಿ ಬಂದೈತಿ. ನೀವು ಅಚ್ಚ ಹಾಕಿದ್ರ ನಾಳೆ ನನ್ನ ಕೈಯಾನ ಬಳಿ ಒಡಿತಾರ್ರಿ.”

ಈ ಬರಹದಲ್ಲಿ ಹೊಸಬರು ಗಮನಿಸಬೇಕಾದ ತಪ್ಪು ಮೊದಲನೆಯದಲ್ಲ, ಎರಡನೆಯದು. ನಿಂಬಣ್ಣ ಸುರಕ್ಷಿತವಾಗಿದ್ದಾರೆ, ಕಾಣೆಯಾದವರ ಹೆಸರು ಖಚಿತವಾಗಿಲ್ಲ ಎಂದು ಬರೆದು ಕಳಿಸಿದೆ. ನಿಂಬಣ್ಣ ಹೇಳಿದ್ದರಿಂದ ಹೆಸರು ನನಗೆ ಖಚಿತವಾಗಿತ್ತು. ಹೀಗಾಗಿ ನಮ್ಮ ಪತ್ರಿಕೆಯ ಪ್ರಕಾರ ಹುಣಸಿತೋಟದಲ್ಲಿ ಒಬ್ಬ ನೀರುಪಾಲಾಗಿದ್ದ, ಅವನಿಗೆ ಹೆಸರಿರಲಿಲ್ಲ.

ನೀರು ಇಳಿದು ಜನ ವಸ್ತಿಗೆ ಮರಳಿದರು. ತಿಂಗಳು ಕಳೆದು ನಿಂಬಣ್ಣ ಅಥಣಿಗೆ ನನ್ನನ್ನು ಹುಡುಕಿಕೊಂಡು ಬಂದ. ಮುಖ ಇಳಿದಿತ್ತು. ನಗೆಚಾಟಿಕೆ ಮಾಡಲಿಲ್ಲ.

“ನನ್ನ ಯಾರೂ ಹೆಸರ ಹಿಡದ ಕರಿಯಂಗಿಲ್ರಿ ಸಾಹೇಬ್ರ. ಏ ಇವನ, ಅಂತಾರ. ನನ್ನ ಹೇಣತಿನೂ ಹಂಗ. ನಾ ಕೊಟ್ಟ ನೀರ ಕುಡಿಯಂಗಿಲ್ಲ.”

“ತಿದ್ದುಪಡಿ ಬಂತಲ್ಲೋ.”

“ಬಂತ್ರಿ. ಓದಿ ಹೇಳಿದೆ. ಬಾಯಕ್ಕ ಏನಂದ್ಲು ಗೊತ್ತೇನ್ರಿ? ಸಾವು ಬಂದು ವಸ್ತಿ ಹೊರಗ ನಿಂತೈತಿ, ಹೆಸರ ಕೇಳಾಕತ್ತೈತಿ, ಒಂದ ಹೆಸರ ಕೊಟ್ಟ ಕಳಸಬೇಕು ಅಂದ್ಲು.”

ಬಾಯಕ್ಕ ಎಂದರೆ ವಸ್ತಿಯ ಸೂಲಗಿತ್ತಿ, ಎಂಬತ್ತು ದಾಟಿದವಳು. ಅಲ್ಲಿನ ಎಲ್ಲರನ್ನೂ ಮೊದಲು ಕೈಯಲ್ಲಿ ಹಿಡಿದವಳು ಅವಳೇ. ಜೀವಂತ ಇದ್ದವನಿಗೆ ಅಳು ಬಿದ್ದರೆ ಅವನನ್ನು ಮತ್ತೆ ತೊಟ್ಟಿಲಿಗೆ ಹಾಕಿ ಬೇರೆ ಹೆಸರಿಡಬೇಕು, ಹಳೆಯ ಹೆಸರು ಸಾವಿನ ಜೊತೆ ಹೋಗುತ್ತದೆ ಎಂಬುದು ಅವಳ ತೀರ್ಮಾನ. ತಪ್ಪಿನ ಮೂಲ ನಾನಾದ್ದರಿಂದ ನಾನೂ ಬರಬೇಕೆಂದು ನಿಂಬಣ್ಣ ಕೇಳಿಕೊಂಡ. ಹೋದೆ. ಕ್ಯಾಮೆರಾ ಒಯ್ಯಲಿಲ್ಲ.

ನಡುಮಧ್ಯಾಹ್ನ. ನಿಂಬಣ್ಣನ ಮನೆಯ ಗೋಡೆಗಳ ಮೇಲೆ ನನ್ನ ಎದೆಮಟ್ಟದಲ್ಲಿ ಪ್ರವಾಹದ ಕೆಸರುಗೆರೆ ಒಣಗಿತ್ತು. ತೊಲೆಗೆ ಒಂದು ದೊಡ್ಡ ಕೌದಿಯನ್ನು ತೊಟ್ಟಿಲಿನಂತೆ ಕಟ್ಟಿದ್ದರು. ನಿಂಬಣ್ಣ ಮೊಣಕಾಲು ಮಡಚಿ ಅದರೊಳಗೆ ಮಲಗಿದ. ಭಾರಕ್ಕೆ ತೊಲೆ ಸದ್ದು ಮಾಡಿತು. ಹೊರಗಿನಿಂದ ಅವನ ತಲೆಯ ಆಕಾರವಷ್ಟೇ ಕಾಣುತ್ತಿತ್ತು. ಐದು ಜನ ಮುತ್ತೈದೆಯರು ಬೇಕಿತ್ತು, ಶಾಂತವ್ವನನ್ನು ಸೇರಿಸಿಕೊಂಡರು. ಯಾರೂ ಆಕ್ಷೇಪ ಎತ್ತಲಿಲ್ಲ. ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಊದುವವಳು ಅತ್ತೆಯೋ ಅಕ್ಕನೋ ಆಗಿರಬೇಕು. ನಿಂಬಣ್ಣನಿಗೆ ಒಡಹುಟ್ಟಿದವರಿಲ್ಲ. ತಾಯಿಯ ಕಡೆಯಿಂದ ಅಕ್ಕನ ವರಸೆ ಆಗುವವಳು ಶಾಂತವ್ವ ಒಬ್ಬಳೇ. ಅವನ ಹೆಂಡತಿ ಪರಶುರಾಮ ಎಂದು ಹೆಸರು ಆರಿಸಿಟ್ಟಿದ್ದಳು. “ಅದನ್ನ ಹೇಳವ್ವಾ,” ಎಂದು ಶಾಂತವ್ವನಿಗೆ ಎರಡು ಸಲ ಹೇಳಿದಳು.

ಶಾಂತವ್ವ, “ತಮ್ಮಾ, ಕಿವಿ ಕೊಡು,” ಎಂದು ಬಗ್ಗಿದಳು. ಕುರ್‍ರ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲಿನದು ಕೇಳಿಸಲಿಲ್ಲ. ಕೌದಿ ತೂಗುವುದನ್ನು ನಿಲ್ಲಿಸಿ ಹೆಂಗಸರು, “ಹೆಸರ ಕೂಗಿ ಹೇಳ,” ಎಂದರು. ಅವಳು ಬಾಯಿ ಒರೆಸಿಕೊಂಡು, “ಕಿವ್ಯಾಗ ಹೇಳೀನಿ. ಸಾಕು,” ಎಂದಳು.

ನಿಂಬಣ್ಣ ಕೌದಿಯಿಂದ ಹೊರಗೆ ಬಂದ. ಹೆಂಡತಿ ಕೇಳಿದಳು, “ಪರಶುರಾಮ ಅಂದ್ಲಲ್ಲಾ?” ಅವನು ಶಾಂತವ್ವನ ಮನೆಯ ಕಡೆ ನೋಡುತ್ತಿದ್ದ. ಬಾಯಕ್ಕ ತಟ್ಟೆಯಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡು ವಸ್ತಿಯ ಹೊರಗೆ ನಡೆದುಹೋಗಿ ಚೆಲ್ಲಿ ಬಂದಳು. ಆ ದಿನದಿಂದ ಅವನ ಕೈಯ ನೀರನ್ನು ಜನ ಕುಡಿಯತೊಡಗಿದರು.

ಹೊರಡುವ ಮೊದಲು ಶಾಂತವ್ವನನ್ನು ಕೇಳಿದೆ. “ಯಾವ ಹೆಸರ ಹೇಳಿದೆವ್ವಾ?” ಅವಳು, “ನನ್ನ ಬಾಯಾಗ ಬರಬಾರದ ಹೆಸರ ಕೇಳಬ್ಯಾಡ್ರಿ,” ಎಂದು ಒಳಗೆ ಹೋದಳು.

ಮುಂದಿನ ವರ್ಷ ಐನಾಪುರದ ಸಂತೆಯಲ್ಲಿ ಅವನು ಕಂಡ. ಹಿಂದಿನಿಂದ “ನಿಂಬಣ್ಣಾ” ಎಂದು ಮೂರು ಸಲ ಕರೆದೆ. ಐದು ಹೆಜ್ಜೆಯ ಅಂತರ. ಬೇರೆ ಇಬ್ಬರು ತಿರುಗಿ ನೋಡಿದರು, ಅವನು ನೋಡಲಿಲ್ಲ. ಭುಜ ಮುಟ್ಟಿದಾಗ, “ಯಾವಾಗ ಬಂದ್ರಿ ಸಾಹೇಬ್ರ? ಕರೀಬಾರದಾ?” ಎಂದ. ಅವನು ಬೇವಿನಕಡ್ಡಿ ಕಚ್ಚಿಕೊಂಡಿದ್ದ.

ನಡೆದದ್ದನ್ನೆಲ್ಲ ಮಾರ್ಗರೀತ್ ಅವರಿಗೆ ಬರೆದು ತಿಳಿಸಿದೆ. ಅವರು ತಮ್ಮ ಟಿಪ್ಪಣಿಯ ಒಂದು ಪುಟದ ಚಿತ್ರ ಕಳಿಸಿದರು. ನಾನು ಫೋನಿನಲ್ಲಿದ್ದ ಆ ಅರ್ಧ ಗಂಟೆಯ ಪುಟ. ಅದರಲ್ಲಿ ಕನ್ನಡದಲ್ಲಿ ಹೀಗಿತ್ತು: ‘ನಿಂಬಣ್ಣ, ನಿಂಬೆ. ಲಿಂಬಾಜಿ, ಬೇವು. ಇವ ಹುಳಿ, ನಾ ಕಹಿ ಎಂದು ಲಿಂಬಾಜಿ ಹೇಳಿದ. ಇಬ್ಬರೂ ನಕ್ಕರು.’ ಕೆಳಗೆ ಅವರು ಹೊಸದಾಗಿ ಸೇರಿಸಿದ್ದರು: ‘ನಮ್ಮಲ್ಲಿ ಒಂದು ಮರಕ್ಕೆ ಎರಡು ಹೆಸರಾಗಿ ಒಂದು ಮನೆತನ ಎರಡಾಯಿತು. ನಿಮ್ಮಲ್ಲಿ ಎರಡು ಗಿಡಕ್ಕೆ ಒಂದೇ ಹೆಸರು ಕೇಳಿಸಿದೆ. ಇಬ್ಬರು ಒಬ್ಬರಾದರೆ ಯಾರು ಉಳಿಯುತ್ತಾರೆ ಎಂಬುದಕ್ಕೆ ನನ್ನ ಬಳಿ ಉದಾಹರಣೆ ಇಲ್ಲ.’

ಲಿಂಬಾಜಿಯ ತಮ್ಮ ಏಳು ವರ್ಷ ತುಂಬಲು ಕಾದಿದ್ದ. ಅಷ್ಟು ವರ್ಷ ಸುಳಿವಿಲ್ಲದವನನ್ನು ಸತ್ತಿದ್ದಾನೆಂದು ಘೋಷಿಸಲು ಕಾನೂನಿನಲ್ಲಿ ಅವಕಾಶವಿದೆ. ಹೊಲದ ವಾರಸುದಾರಿಕೆಗಾಗಿ ಅವನು ತಾಲೂಕು ನ್ಯಾಯಾಲಯಕ್ಕೆ ಅರ್ಜಿ ಹಾಕಿದ. ಕಾಣೆಯಾದವನು ಇದ್ದರೆ ಹಾಜರಾಗಬೇಕೆಂಬ ಪ್ರಕಟಣೆ ನಮ್ಮ ಪತ್ರಿಕೆಯಲ್ಲೇ ಬಂತು. ಆ ಹೆಸರು ಅಲ್ಲಿ ಅಚ್ಚಾದದ್ದು ಅದೇ ಮೊದಲು.

ಕಳೆದ ತಿಂಗಳು ಪ್ರಕಟಣೆಯಲ್ಲಿದ್ದ ತಾರೀಖಿಗೆ ನಾನೂ ನ್ಯಾಯಾಲಯಕ್ಕೆ ಹೋಗಿದ್ದೆ. ಶಾಂತವ್ವ ವರಾಂಡದ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು, ಕೈಯಲ್ಲಿ ಬಳೆ ಇದ್ದವು. “ಇವತ್ತ ಒಡಿತಾರೇನ್ರಿ ಯಣ್ಣಾ?” ಎಂದು ಕೇಳಿದಳು. ಎದುರಿನ ಬೆಂಚಿನ ಮೇಲೆ ನಿಂಬಣ್ಣ ಇದ್ದ. ಲಿಂಬಾಜಿಯನ್ನು ಕೊನೆಗೆ ಕಂಡವನೆಂದು ಲಿಂಬಾಜಿಯ ತಮ್ಮನೇ ಅವನನ್ನು ಸಾಕ್ಷಿಗೆ ಕರೆತಂದಿದ್ದ.

ಹನ್ನೊಂದೂವರೆಗೆ ನ್ಯಾಯಾಲಯದ ಪಟ್ಟೇವಾಲಾ ಬಾಗಿಲಿಗೆ ಬಂದು ಲಿಂಬಾಜಿಯ ಹೆಸರು ಕೂಗಿದ. ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗಿದ. ಮೂರನೆಯ ಸಲ ಕೂಗಿದಾಗ ಬೆಂಚಿನಿಂದ ನಿಂಬಣ್ಣ ಎದ್ದು, “ಬಂದ್ನಿರಿ,” ಎಂದು ಒಳಗೆ ಹೋದ.

ಶಾಂತವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು. ಗಂಡನ ಎದುರು ಹಾಗೆ ಮಾಡುವ ರೂಢಿ ಆ ವಸ್ತಿಯಲ್ಲಿದೆ, ತಮ್ಮನ ವರಸೆಯವರ ಎದುರು ಇಲ್ಲ.

ಕೂಗಿದಾಗ ಒಬ್ಬ ವ್ಯಕ್ತಿ ಹಾಜರಾಗಿದ್ದಾನೆ ಎಂದು ನ್ಯಾಯಾಲಯದ ಅಂದಿನ ಟಿಪ್ಪಣಿಯಲ್ಲಿ ದಾಖಲಾಗಿದೆ. ಗುರುತಿನ ದಾಖಲೆ ತರುವಂತೆ ಅವನಿಗೆ ಸೂಚಿಸಿ, ವಿಚಾರಣೆಯನ್ನು ದೀಪಾವಳಿ ರಜೆಯ ನಂತರಕ್ಕೆ ಮುಂದೂಡಲಾಗಿದೆ.